ಒಕ್ಕಣ್ಣಿನ ಗಾಡಿ

ಮನೆಯಲ್ಲಿ ದೀಪವೊಂದು ಹೋದರೆ ಮನೆಮಂದಿಗೆಲ್ಲ ಒಮ್ಮೆಗೇ ತಿಳಿಯುತ್ತದೆ. ಅಡಿಗೆಯ ಕೋಣೆ ಕತ್ತಲಾಯಿತೆಂದರೆ ಒಲೆಯ ಮುಂದೆ ನಿಂತವರು ಕೂಗಿಕೊಳ್ಳುತ್ತಾರೆ. ಓದಲು ಕುಳಿತ ಹುಡುಗರು ಮನಸ್ಸಿನಲ್ಲಿಯೇ ಹಿಗ್ಗಿ ಪುಸ್ತಕ ಮುಚ್ಚುತ್ತಾರೆ. ಆದರೆ ಮೋಟಾರಿನ ಮುಂದಿನ ಎರಡು ದೀಪಗಳಲ್ಲಿ ಒಂದು ಹೋದರೆ ಅದು ಕಟ್ಟಕಡೆಗೆ ತಿಳಿಯುವುದು ಆ ಮೋಟಾರಿನ ಒಡೆಯನಿಗೇ. ಆತ ಕುಳಿತಿರುವುದು ದೀಪದ ಹಿಂದೆ. ಉಳಿದೊಂದು ದೀಪ ದಾರಿಯನ್ನು ಅಷ್ಟಿಷ್ಟು ಬೆಳಗುತ್ತಲೇ ಇರುತ್ತದೆ. ಸಾಲದುದನ್ನು ಬೀದಿಯ ಕಂಬಗಳು ತುಂಬಿಕೊಡುತ್ತವೆ. ಎದುರಿಗೆ ಬಂದವರೆಲ್ಲ ಕಂಡ ಕುಂದು ಅವನೊಬ್ಬನಿಗೆ ಕಾಣದು.

ಸತ್ತೂರಿನಂಥ ಊರಿನಲ್ಲಿ ಈ ಮರೆವು ಇನ್ನಷ್ಟು ಸುಲಭ. ಹುಬ್ಬಳ್ಳಿ ಧಾರವಾಡಗಳೆರಡರ ನಡುವೆ ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಯಾಗಿದ್ದ ಸತ್ತೂರ ಈಗ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು, ಹೊಸ ಹೊಸ ಬಡಾವಣೆಗಳ ಊರು. ನೆರೆಯ ನವಲೂರಿನ ಪೇರಲ ಹಣ್ಣಿನ ಬುಟ್ಟಿಗಳು ಇಂದಿಗೂ ರಸ್ತೆಯ ಬದಿಗೆ ಕಾಣುತ್ತವೆಯಾದರೂ, ಅವುಗಳ ಪಕ್ಕದಲ್ಲಿಯೇ 2018ರಿಂದ ಚಿಗರಿ ಬಸ್ಸುಗಳು ತಮ್ಮದೇ ದಾರಿಯಲ್ಲಿ ಓಡತೊಡಗಿವೆ. ಹಳೆಯ ಪುಣೆ-ಬೆಂಗಳೂರು ರಸ್ತೆಯ ಈ ಭಾಗದಲ್ಲಿ ರಾತ್ರಿಯ ಹೊತ್ತೂ ಬೆಳಕಿಗೆ ಬರವಿಲ್ಲ. ಇಲ್ಲಿ ಒಂದೇ ದೀಪದ ಮೇಲೆ ತಿಂಗಳುಗಟ್ಟಲೆ ಸಂಸಾರ ಸಾಗಿಸಿದ ಮೋಟಾರುಗಳು ಇಲ್ಲದಿಲ್ಲ.

ಇಂಥ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ಮಾಸ್ತರರೊಬ್ಬರನ್ನು ವಾಚಕರು ಊಹಿಸಿಕೊಳ್ಳಬೇಕು. ಹತ್ತು ವರ್ಷದ ಹಿಂದೆ ಕೊಂಡ ಸಣ್ಣ ಕಾರು. ವಾರಕ್ಕೆ ಒಂದೆರಡು ಸಲ ಧಾರವಾಡದ ಪೇಟೆ, ತಿಂಗಳಿಗೊಮ್ಮೆ ಹುಬ್ಬಳ್ಳಿ. ಒಂದು ರಾತ್ರಿ ಅವರು ಗಾಡಿಯನ್ನು ಅಂಗಳಕ್ಕೆ ತರುವಾಗ, ಗೇಟು ತೆಗೆಯಲು ಬಂದ ಮನೆಯವರು ಕಂಪೌಂಡಿನ ಗೋಡೆಯನ್ನೇ ನೋಡುತ್ತ ನಿಂತರು.

“ಅಲ್ರೀ, ನಮ್ಮ ಗಾಡಿದು ಒಂದ ದೀಪ ಹತ್ತಿಲ್ಲ ನೋಡ್ರಿ. ಗ್ವಾಡಿ ಮ್ಯಾಲ ಒಂದ ಕಡೆ ಅಷ್ಟ ಬೆಳಕು ಬಿದ್ದೈತಿ.”

ಮಾಸ್ತರರು ಇಳಿದು ಬಂದು ನೋಡಿದರು. ಬಲಗಡೆಯ ದೀಪ ಆರಿತ್ತು. ಎಂದಿನಿಂದ ಹೀಗಿತ್ತೋ ಹೇಳುವವರಿಲ್ಲ. “ಇರಲಿ, ಮುಂದಿನ ವಾರ ಗ್ಯಾರೇಜಿಗೆ ಬಿಟ್ಟರಾತು” ಎಂದು ಅವರು ಬಾಗಿಲಿನತ್ತ ನಡೆದರು. ಆಗ ರಾತ್ರಿ ಪಾಳಿಗೆ ಹೊರಟು ನಿಂತಿದ್ದ, ಆಸ್ಪತ್ರೆಯಲ್ಲಿ ನರ್ಸು ಆಗಿರುವ ಮಗಳು ತಡೆದಳು.

“ಅಪ್ಪಾ, ಶನಿವಾರ ಹಳಿಯಾಳದ ಮದುವಿಗೆ ಹೋಗೂದೈತಿ, ರಾತ್ರಿ ತಿರುಗಿ ಬರೂದೈತಿ. ಮುಂದಿನ ವಾರ ಅನಬ್ಯಾಡ್ರಿ. ರಾತ್ರಿ ಎಂಥೆಂಥಾ ಕೇಸು ಬರತಾವ ಅನ್ನೂದು ನೋಡಾಕಿ ನಾನು.”

ಮಾಸ್ತರರು ಮರುಮಾತಾಡಲಿಲ್ಲ.

ಒಂದು ದೀಪ ಹೋದರೆ ಅರ್ಧ ಬೆಳಕು ಕಡಿಮೆಯಾಯಿತು, ಅಷ್ಟೇ ತಾನೆ ಎಂದು ಹೆಚ್ಚಿನವರ ಎಣಿಕೆ. ಆದರೆ ಮೋಟಾರಿನ ಮುಂದೀಪ ದಾರಿ ಕಾಣಲಿಕ್ಕೆ ಮಾತ್ರ ಇರುವುದಲ್ಲ. ಮೋಟಾರು ಕಾಣಲಿಕ್ಕೂ ಇರುವುದು. ಈ ದೇಶದಲ್ಲಿ ವಾಹನಗಳು ರಸ್ತೆಯ ಎಡಮಗ್ಗುಲಿಗೆ ಚಲಿಸುವುದರಿಂದ ಗಾಡಿಯ ಬಲಗಡೆಯ ದೀಪವೇ ಎದುರು ಬರುವವನಿಗೆ ಹತ್ತಿರವಾದುದು. ಅದು ಆರಿ ಎಡಗಡೆಯದೊಂದೇ ಉಳಿದಾಗ ಎದುರಿನವನಿಗೆ ಕಾಣುವುದು ರಸ್ತೆಯ ಆಚೆಯ ಅಂಚಿಗೆ ಹತ್ತಿಕೊಂಡು ಬರುತ್ತಿರುವ ಒಂಟಿ ಬೆಳಕು. ಒಂಟಿ ಬೆಳಕೆಂದರೆ ಮೋಟಾರು ಸೈಕಲ್ಲು. ಅದರಲ್ಲಿಯೂ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಉರಿಯುವ ಮುಂದೀಪ ಕಡ್ಡಾಯವಾದ ಮೇಲೆ ಜನರ ಕಣ್ಣು ಈ ಲೆಕ್ಕಕ್ಕೆ ಇನ್ನಷ್ಟು ಒಗ್ಗಿದೆ. ಮೋಟಾರು ಸೈಕಲ್ಲು ಅಂಚಿನಲ್ಲಿದೆ, ನಡುವೆ ಬೇಕಾದಷ್ಟು ಜಾಗವಿದೆ ಎಂದು ತಿಳಿದು ಆತ ತನ್ನ ಮುಂದಿನ ಲಾರಿಯನ್ನು ದಾಟಲು ಹೊರಬೀಳುತ್ತಾನೆ. ಆ ಒಂಟಿ ಬೆಳಕಿನ ಪಕ್ಕದ ಕತ್ತಲೆಯಲ್ಲಿ ಮೀಟರಿಗೂ ಹೆಚ್ಚು ಅಗಲದ ಕಬ್ಬಿಣವಿದೆಯೆಂಬುದು ಅವನಿಗೆ ತಿಳಿಯುವ ವೇಳೆಗೆ ಮಾಡುವುದೇನೂ ಉಳಿದಿರುವುದಿಲ್ಲ. ಗಂಟೆಗೆ 80 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 22 ಮೀಟರು. ಎದುರುಬದುರು ಬರುವ ಎರಡು ಗಾಡಿಗಳ ನಡುವಣ ದೂರ ಒಂದು ಉಸಿರಿನಲ್ಲಿ 44 ಮೀಟರು ಕರಗುತ್ತದೆ.

ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಅಳತೆ ತಪ್ಪುವುದೆಂದರೆ ಏನೆಂಬುದನ್ನು ಹುಬ್ಬಳ್ಳಿ-ಧಾರವಾಡದ ಜನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರಿನ ಬೈಪಾಸು ಬಹುಕಾಲ ಹಾಗೆಯೇ, ಎರಡು ಸಾಲಿನ ರಸ್ತೆಯಾಗಿ ಉಳಿದಿತ್ತು. 2021ರ ಜನವರಿ 15ರ ಬೆಳಗಿನ ಹೊತ್ತು ಇಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರು ಕುಳಿತಿದ್ದ ಮಿನಿ ಬಸ್ಸು ಟಿಪ್ಪರಿನೊಡನೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದನ್ನು ದೀಪದ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ಆದರೆ ಆ ಮುಂಜಾವನ್ನು ಈ ಭಾಗದವರು ಮರೆತಿಲ್ಲ.

ದೀಪ ಬದಲಿಸುವುದು ಎಷ್ಟು ಸಣ್ಣ ಕೆಲಸವೆಂಬುದನ್ನು ತಿಳಿಯುವುದಕ್ಕೆ ಮುಂಚೆ ಆ ದೀಪ ಎಷ್ಟು ದೊಡ್ಡ ವಸ್ತುವೆಂಬುದನ್ನು ಕೊಂಚ ನೋಡುವುದು ಒಳ್ಳೆಯದು. ಮೊದಲ ಮೋಟಾರುಗಳಲ್ಲಿ ಕಾರ್ಬೈಡಿನಿಂದ ಹುಟ್ಟುವ ಅನಿಲವನ್ನು ಉರಿಸುವ ದೀಪಗಳಿದ್ದವು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ಮೋಟಾರಿಗೆ ವಿದ್ಯುತ್ತಿನ ದೀಪ ಮತ್ತು ವಿದ್ಯುತ್ತಿನಿಂದಲೇ ಎಂಜಿನ್ ಚಾಲೂ ಮಾಡುವ ಏರ್ಪಾಡುಗಳನ್ನು ಒಟ್ಟಿಗೆ ಕೊಟ್ಟಿತು. ಬಳಿಕ 1920ರ ದಶಕದಲ್ಲಿ ಜರ್ಮನಿಯ ಒಸ್ರಾಂ ಕಂಪನಿಯವರು ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನಿಟ್ಟರು. ಒಂದು ದೂರದ ಬೆಳಕಿಗೆ, ಇನ್ನೊಂದು ಎದುರಿಗೆ ಯಾರಾದರೂ ಬಂದಾಗ ತಗ್ಗಿಸುವ ಬೆಳಕಿಗೆ. ವಿದ್ಯುದ್ದೀಪಗಳ ಚರಿತ್ರೆಯಲ್ಲಿ ಇದಕ್ಕಿಂತ ಸಭ್ಯವಾದ ಕಲ್ಪನೆ ಬೇರೊಂದಿರಲಾರದು: ತನ್ನ ಬೆಳಕಿನಿಂದ ಇನ್ನೊಬ್ಬನಿಗೆ ತೊಂದರೆಯಾದೀತೆಂದು ಬಲ್ಬಿನೊಳಗೇ ಒಂದು ತಂತುವನ್ನು ಮೀಸಲಿಟ್ಟದ್ದು. ಲಾರಿಗಳ ಹಿಂಭಾಗದಲ್ಲಿ ರಾತ್ರಿ ಡಿಪ್ಪರ್ ಬಳಸಿರೆಂದು ಬಣ್ಣ ಬಣ್ಣದ ಅಕ್ಷರಗಳಲ್ಲಿ ಬರೆಸುವವರು ಬೇಡಿಕೊಳ್ಳುವುದು ಆ ಎರಡನೆಯ ತಂತುವನ್ನೇ.

ಇಂದಿನ ಅನೇಕ ಸಣ್ಣ ಕಾರುಗಳಲ್ಲಿರುವ, 1971ರಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಎಚ್-4 ಎಂಬ ಬಲ್ಬು ಇದೇ ವಂಶದ್ದು. ತಂತು ಟಂಗ್‌ಸ್ಟನ್ ಲೋಹದ್ದು. ಆ ಲೋಹ ಕರಗಬೇಕಾದರೆ 3,422 ಡಿಗ್ರಿ ಸೆಲ್ಸಿಯಸ್ ಬೇಕು. ದೀಪ ಉರಿಯುವಾಗ ಅದು 3,000 ಡಿಗ್ರಿಯ ಸಮೀಪದಲ್ಲಿ ಬಿಳಿಗಾಯ್ದು ನಿಂತಿರುತ್ತದೆ. ಅಷ್ಟು ಕಾವಿಗೆ ಲೋಹ ಕರಗದಿದ್ದರೂ ಕಣಕಣವಾಗಿ ಆವಿಯಾಗಿ ಹಾರುತ್ತದೆ. ಹಳೆಯ ಬಲ್ಬುಗಳಲ್ಲಿ ಹೀಗೆ ಹಾರಿದ ಲೋಹ ಗಾಜಿಗೆ ಅಂಟಿ ಅದನ್ನು ಕರಿಬಡಿಸುತ್ತಿತ್ತು. ಅತ್ತ ತಂತು ಸವೆಯುತ್ತಿತ್ತು, ಇತ್ತ ಬೆಳಕು ಮಂಕಾಗುತ್ತಿತ್ತು. 1959ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಬ್ಬರು ಎಂಜಿನಿಯರರಿಗೆ ಪೇಟೆಂಟು ದೊರೆತ ಉಪಾಯ ಇದನ್ನು ಬಹುಮಟ್ಟಿಗೆ ನಿವಾರಿಸಿತು. ಬಲ್ಬಿನೊಳಗೆ ಅಯೋಡಿನ್ ಅಥವಾ ಬ್ರೋಮಿನ್ನಿನಂಥ ಹ್ಯಾಲೊಜೆನ್ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ, ಅದು ಹಾರಿಹೋದ ಲೋಹವನ್ನು ಗೋಡೆಗೆ ಅಂಟಗೊಡದೆ ತನ್ನೊಡನೆ ಕೂಡಿಸಿಕೊಂಡು, ತಿರುಗಿ ತಂತುವಿನ ಬಳಿಗೆ ತಂದು ಇಳಿಸುತ್ತದೆ. ಹೋದವರನ್ನು ಕರೆತರುವ ಈ ಕೆಲಸ ನಡೆಯಬೇಕಾದರೆ ಬಲ್ಬಿನ ಗೋಡೆಯೂ 250 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬೇಕು. ಆದ್ದರಿಂದಲೇ ಅದು ಬೆರಳಿನಷ್ಟು ಗಾತ್ರದ್ದು. ಸಾಮಾನ್ಯ ಗಾಜಿನ ಬದಲು ಸ್ಫಟಿಕಶಿಲೆಯಿಂದ ತೆಗೆದ ಗಟ್ಟಿ ಗಾಜಿನದು.

ಅದರಿಂದಲೇ ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದೆಂಬ ಮಾತು ಹುಟ್ಟಿದ್ದು. ಇದು ಅಂಗಡಿಯವರ ಮೂಢನಂಬಿಕೆಯೆಂದು ನಗುವವರುಂಟು. ಕೈ ಎಷ್ಟೇ ತೊಳೆದಿದ್ದರೂ ಬೆರಳಿನಲ್ಲಿ ಬೆವರಿನ ಉಪ್ಪೂ ಎಣ್ಣೆಯ ಪಸೆಯೂ ಇರುತ್ತವೆ. ಅವು ಅಂಟಿದ ಕಡೆ ಗಾಜು ಬಿಸಿಯೇರಿದಾಗ ಸುತ್ತಲಿನಂತಿರದೆ ಒಂದೇ ತಾಣದಲ್ಲಿ ಬೇಯುತ್ತದೆ, ಮಬ್ಬಾಗುತ್ತದೆ, ಕೊನೆಗೆ ಅಲ್ಲಿಯೇ ಉಬ್ಬುವುದೂ ಬಿರಿಯುವುದೂ ಉಂಟು. ಬೆರಳು ತಗಲಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರೆಸಿ ಒಣಗಿಸಿದರಾಯಿತು. ಮತ್ತೊಂದು ಮಾತು: ಬಲ್ಬಿನೊಳಗಿನ ಅನಿಲ ಒತ್ತಡದಲ್ಲಿರುತ್ತದೆ. ಹಳೆಯದನ್ನು ಮಕ್ಕಳ ಕೈಗೆ ಆಟಕ್ಕೆ ಕೊಡತಕ್ಕದ್ದಲ್ಲ.

ಮಾಸ್ತರರು ಮರುದಿನ ಧಾರವಾಡದ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದಕ್ಕೆ ಹೋದರು. ಹೋಗುವ ಮುನ್ನ ಗಾಡಿಯೊಡನೆ ಬಂದ ಪುಸ್ತಕವನ್ನು ಹತ್ತು ವರ್ಷದಲ್ಲಿ ಮೊದಲ ಸಲ ತೆರೆದು ನೋಡಿ, ಎಚ್-4, 12 ವೋಲ್ಟು, 60/55 ವ್ಯಾಟು ಎಂದು ಚೀಟಿಯಲ್ಲಿ ಬರೆದುಕೊಂಡಿದ್ದರು. ಅಂಗಡಿಯ ಹುಡುಗ ಚೀಟಿ ಓದಿ ನಕ್ಕ.

“ಸರ, ಅರವತ್ತು ಐವತ್ತೈದು ಯಾಕ ತೊಗೋತೀರಿ? ನೂರು ತೊಂಬತ್ತು ಹಾಕ್ರಿ. ರಾತ್ರಿ ಹಗಲ ಆದಂಗ ಆಗತೈತಿ.”

“ನನಗ ಹಗಲ ಆತಪಾ. ಎದುರಿಗೆ ಬರಾವಗ?”

“ಅಂವಾ ಬೇಕಾದ್ರ ತಾನೂ ನೂರು ತೊಂಬತ್ತು ಹಾಕ್ಕೋತಾನ್ರಿ ಸರ.”

ದೇಶದೇಶಗಳ ನಡುವಣ ಶಸ್ತ್ರಾಸ್ತ್ರಗಳ ಪೈಪೋಟಿಯ ಸಾರವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ. ಅದಿರಲಿ, ಲೆಕ್ಕದ ಮಾತನ್ನು ನೋಡಬಹುದು. 55 ವ್ಯಾಟಿನ ತಂತು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರು ವಿದ್ಯುತ್ತನ್ನು ಎಳೆದರೆ 90 ವ್ಯಾಟಿನದು ಏಳೂವರೆ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದುದರಿಂದ, ಅದೇ ಹಳೆಯ ತಂತಿ ಎರಡೂವರೆ ಪಟ್ಟಿಗೂ ಮಿಗಿಲಾಗಿ ಕಾಯಬೇಕಾಗುತ್ತದೆ. ಮೊದಲು ದೀಪದ ಹಿಂದಿನ ಹೋಲ್ಡರು ಕಂದುತ್ತದೆ, ಬಳಿಕ ಸ್ವಿಚ್ಚು; ಪ್ಲಾಸ್ಟಿಕ್ಕಿನ ಪ್ರತಿಫಲಕದ ಬೆಳ್ಳಿಯ ಹೊಳಪು ಮಾಸುತ್ತದೆ. ಒಂದು ವರ್ಷದ ಹಗಲಿಗೆ ತೆರಬೇಕಾದ ಬೆಲೆ ಗಾಡಿಯ ವಯರಿಂಗು.

ಹುಡುಗ ಸೋಲಲಿಲ್ಲ, ಪೆಟ್ಟಿಗೆಯೊಂದರಿಂದ ಎಲ್‌ಇಡಿ ಬಲ್ಬುಗಳನ್ನು ತೆಗೆದು ತೋರಿಸಿದ. ಕಡಿಮೆ ವಿದ್ಯುತ್ತು, ಹಾಲಿನಂಥ ಬಿಳಿ ಬೆಳಕು. ಎಲ್‌ಇಡಿ ಕೆಟ್ಟದ್ದೆಂದು ಯಾರೂ ಹೇಳಲಾರರು. ಅದಕ್ಕಾಗಿಯೇ ರಚಿಸಿದ ದೀಪದ ಮನೆಯಲ್ಲಿ ಅದು ಅಚ್ಚುಕಟ್ಟಾಗಿ ಉರಿಯುತ್ತದೆ. ಆದರೆ ಎಚ್-4ರ ದೀಪದ ಮನೆಯೊಳಗಿನ ಬಾಗಿದ ಕನ್ನಡಿಯನ್ನು ಕಡೆದಿರುವುದು ಒಂದು ಸಣ್ಣ ತಂತು ಇಂಥದೇ ಸ್ಥಳದಲ್ಲಿ ಇರುತ್ತದೆಂಬ ಎಣಿಕೆಯ ಮೇಲೆ. ಬೆಳಕಿನ ಮೂಲದ ಆಕಾರವೂ ಸ್ಥಾನವೂ ಕೂದಲೆಳೆಯಷ್ಟು ಬದಲಾದರೆ ಬೆಳಕು ರಸ್ತೆಗೆ ಬೀಳದೆ ಮರದ ಮೇಲೆ, ಎದುರಿನವನ ಮುಖದ ಮೇಲೆ ಚದುರುತ್ತದೆ. ಬಣ್ಣದ ಮಾತಿಗೆ ಬಂದರೆ, ಫ್ರಾನ್ಸ್ ದೇಶದಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಮೋಟಾರುಗಳ ಮುಂದೀಪ ಹಳದಿಯಾಗಿಯೇ ಇರಬೇಕೆಂಬ ಕಟ್ಟಳೆಯಿತ್ತು. ಹಳದಿ ಬೆಳಕಿನಲ್ಲಿಯೇ ಆ ಜನ ಅರ್ಧ ಶತಮಾನ ಊರೂರು ತಿರುಗಿದರು. ಮೇಲೆ ನೀಲಿ ಬಳಿದ ಬಲ್ಬು ಕಣ್ಣಿಗೆ ಬೆಳ್ಳಗೆ ಕಂಡರೂ, ಆ ಬಣ್ಣ ತಡೆಹಿಡಿದ ಬೆಳಕು ರಸ್ತೆಗೆ ನಷ್ಟವೇ ಸರಿ.

ಈ ವಿಷಯದಲ್ಲಿ ಕಾನೂನು ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 106ನೆಯ ನಿಯಮದ ಪ್ರಕಾರ, ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣುಳ್ಳ ವ್ಯಕ್ತಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು. ಆ ಕಲ್ಪಿತ ವ್ಯಕ್ತಿ ಯಾರು? ಬದಿಗೆ ನಡೆದು ಬರುವ ಹೆಂಗಸಿರಬಹುದು. ಸೈಕಲ್ಲಿನ ಮೇಲಿನ ಹಾಲು ಮಾರುವವನಿರಬಹುದು. ಅರುವತ್ತು ದಾಟಿದ ಮಾಸ್ತರರೇ ಇನ್ನೊಂದು ಗಾಡಿಯ ಎದುರಿಗೆ ಆ ವ್ಯಕ್ತಿ. ಇಪ್ಪತ್ತರ ಹರೆಯದವನ ಅಕ್ಷಿಪಟಲಕ್ಕೆ ಮುಟ್ಟುವ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ ಅರುವತ್ತರವನಿಗೆ ಮುಟ್ಟುತ್ತದೆಂದು ಕಣ್ಣಿನ ಶಾಸ್ತ್ರಜ್ಞರ ಮತ. ವಯಸ್ಸಾದಂತೆ ಕಣ್ಣಿಗೆ ಬೆಳಕು ಹೆಚ್ಚು ಬೇಕು. ಆದರೆ ಎದುರಿನಿಂದ ಬಂದ ಪ್ರಖರ ಬೆಳಕಿನಿಂದ ಚೇತರಿಸಿಕೊಳ್ಳಲು ಅದೇ ಕಣ್ಣಿಗೆ ಹೆಚ್ಚು ಹೊತ್ತೂ ಬೇಕು. ಆ ಹೊತ್ತಿನ ಪ್ರತಿಯೊಂದು ಸೆಕೆಂಡಿಗೂ ಗಾಡಿ 22 ಮೀಟರು ಕುರುಡಾಗಿ ಓಡುತ್ತಿರುತ್ತದೆ.

ಮಾಸ್ತರರು 60/55ರ ಎರಡು ಬಲ್ಬುಗಳನ್ನು ಕೊಂಡರು. ಹೋದದ್ದು ಒಂದೇ ಆದರೂ ಎರಡು ಕೊಳ್ಳುವುದು ದುಂದಲ್ಲ. ಜೊತೆಗೇ ಹುಟ್ಟಿ ಜೊತೆಗೇ ಉರಿದ ಎರಡು ಬಲ್ಬುಗಳಲ್ಲಿ ಒಂದು ಆಯುಷ್ಯ ಮುಗಿಸಿದರೆ ಇನ್ನೊಂದು ಬಹಳ ಹಿಂದೆ ಉಳಿಯುವುದಿಲ್ಲ. ಹತ್ತಾರು ಕಾರಣಗಳಿಂದ ಬಲ್ಬು ಸಾಯಬಹುದು. ರಸ್ತೆಯ ಕುಲುಕು ಒಂದು, ವೋಲ್ಟೇಜಿನ ಏರು ಇನ್ನೊಂದು. ವೋಲ್ಟೇಜು ನೂರಕ್ಕೆ ಐದರಷ್ಟು ಹೆಚ್ಚಾದರೂ ತಂತುವಿನ ಬಾಳು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಒಂದೇ ಗಾಡಿಯಲ್ಲಿ ಮೇಲಿಂದ ಮೇಲೆ ಬಲ್ಬು ಹೋಗುತ್ತಿದ್ದರೆ ದೋಷ ಬಲ್ಬಿನದೆಂದು ಬಯ್ಯುವುದಕ್ಕೆ ಮುಂಚೆ ಡೈನಮೋ ಕಡೆ ಒಮ್ಮೆ ನೋಡಿಸತಕ್ಕದ್ದು.

ಶುಕ್ರವಾರ ಬೆಳಿಗ್ಗೆ ಅಂಗಳದ ಬೇವಿನ ಮರದ ಕೆಳಗೆ ಕೆಲಸ ಆರಂಭವಾಯಿತು. ಸಮತಟ್ಟಾದ ನೆಲ; ಹ್ಯಾಂಡ್‌ಬ್ರೇಕು ಎಳೆದಿದೆ; ಎಂಜಿನ್ನೂ ದೀಪದ ಸ್ವಿಚ್ಚೂ ಬಂದಾಗಿವೆ; ರಾತ್ರಿಯೆಲ್ಲ ನಿಂತ ಗಾಡಿಯಾದ್ದರಿಂದ ಎಲ್ಲವೂ ತಣ್ಣಗಿದೆ. ಬಾನೆಟ್ಟು ಎತ್ತಿ ದೀಪದ ಹಿಂಭಾಗಕ್ಕೆ ಕೈ ಹಾಕಿದಾಗ ಮಾಸ್ತರರಿಗೆ ಮೊದಲ ಕಷ್ಟ ಎದುರಾಯಿತು: ಕೈ ಹಿಡಿಸುವಷ್ಟು ಜಾಗವಿಲ್ಲ. ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ನೀರಿನ ಡಬ್ಬಿ. ಗಾಡಿಗಳನ್ನು ರಚಿಸುವವರು ಬಲ್ಬು ಎಂದಾದರೊಂದು ದಿನ ಹೋದೀತೆಂಬುದನ್ನು ಯೋಚಿಸುವಷ್ಟು ದುಃಖಜೀವಿಗಳಲ್ಲವೆಂದು ತೋರುತ್ತದೆ. ಕೆಲವು ಗಾಡಿಗಳಲ್ಲಂತೂ ಮುಂದಿನ ಬಂಪರನ್ನೇ ಬಿಚ್ಚಬೇಕು; ಎಲ್‌ಇಡಿ ದೀಪದ ಹೊಸ ಗಾಡಿಗಳಲ್ಲಿ ಬದಲಿಸಲು ಬಲ್ಬೇ ಇರುವುದಿಲ್ಲ. ಅಂಥವುಗಳ ಒಡೆಯರು ಗ್ಯಾರೇಜಿನ ದಾರಿ ಹಿಡಿಯುವುದೇ ಲೇಸು.

“ಸರೀರಿ ಅಪ್ಪಾ, ನನ್ನ ಕೈ ಸಣ್ಣದೈತಿ” ಎಂದು ಪಾಳಿ ಮುಗಿಸಿ ಬಂದಿದ್ದ ಮಗಳು ಮುಂದೆ ಬಂದಳು. ಮಾಸ್ತರರು ಪುಸ್ತಕ ಹಿಡಿದು ಓದತೊಡಗಿದರು; ಅದು ಅವರ ಬಹುಕಾಲದ ಅಭ್ಯಾಸ.

ಮೊದಲು ಮೂರು ತಂತಿಗಳ ಹೋಲ್ಡರನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ತಂತಿಯನ್ನು ಹಿಡಿದಲ್ಲ, ಹೋಲ್ಡರನ್ನೇ ಹಿಡಿದು, ಅತ್ತಿತ್ತ ಮೆಲ್ಲಗೆ ಅಲುಗಿಸುತ್ತ. ಹತ್ತು ವರ್ಷ ಕದಲದೆ ಕುಳಿತದ್ದು ಒಮ್ಮೆಗೇ ಬರುವುದಿಲ್ಲ. ಅದರಡಿಗೆ ರಬ್ಬರಿನ ಟೊಪ್ಪಿಗೆ. ಅದರ ಕಿವಿಯನ್ನು ಹಿಡಿದೆಳೆದರೆ ಸುಲಿದು ಬರುತ್ತದೆ. ಆಮೇಲೆ ಬಲ್ಬನ್ನು ಅದುಮಿ ಹಿಡಿದಿರುವ ಸ್ಪ್ರಿಂಗಿನ ತಂತಿ. ಇದರ ಕೊನೆಯನ್ನು ಒಳಕ್ಕೆ ಒತ್ತಿ, ಬದಿಗೆ ಸರಿಸಿ, ಬಿಡಬೇಕು. ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳೇ ಕಣ್ಣಾಗಬೇಕಾದ ಕೆಲಸವಿದು. ರಕ್ತನಾಳವನ್ನು ಬೆರಳಿನಿಂದಲೇ ಹುಡುಕಿ ಸೂಜಿ ಚುಚ್ಚಿ ಅಭ್ಯಾಸವಿದ್ದ ಮಗಳಿಗೆ ಅದು ಎರಡನೆಯ ಯತ್ನಕ್ಕೇ ಒಲಿಯಿತು. ಬಲ್ಬು ಹೊರಬಂದಿತು, ಗಾಜಿನೊಳಗೆ ತುಂಡಾದ ತಂತು ಜೋತಾಡುತ್ತಿತ್ತು.

ಹಳೆಯದನ್ನು ತೆಗೆದೊಡನೆ ಹೊಸದನ್ನು ತುರುಕುವ ಅವಸರ ಸಲ್ಲದು. ಎಚ್-4ರ ಲೋಹದ ಕೊರಳಿಗೆ ಮೂರು ಹಲ್ಲುಗಳಿವೆ, ದೀಪದ ಮನೆಯಲ್ಲಿ ಅವಕ್ಕೆ ತಕ್ಕ ಮೂರು ಕಚ್ಚುಗಳು. ಅಗಲವಾದ ಹಲ್ಲು ಮೇಲಕ್ಕೆ ಬರಬೇಕು. ಇದಕ್ಕೆ ಕಾರಣವುಂಟು. ತಗ್ಗಿಸಿದ ಬೆಳಕಿನ ತಂತುವಿನ ಕೆಳಗೆ ಲೋಹದ ಪುಟ್ಟ ದೊನ್ನೆಯೊಂದಿದೆ. ಅದು ಕೆಳಮುಖದ ಬೆಳಕನ್ನು ತಡೆದು, ಬೆಳಕು ಕನ್ನಡಿಯ ಮೇಲಿನ ಅರ್ಧಕ್ಕೆ ಮಾತ್ರ ತಗಲುವಂತೆ ಮಾಡುತ್ತದೆ. ಮೇಲಿನ ಅರ್ಧ ಆ ಬೆಳಕನ್ನು ನೆಲದತ್ತ ಬಾಗಿಸುತ್ತದೆ. ದೊನ್ನೆಯ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕಡಿದಿರುವುದರಿಂದ, ಎಡಕ್ಕೆ ಚಲಿಸುವ ದೇಶಗಳ ದೀಪದಲ್ಲಿ ಎಡಬದಿಯ ಬೆಳಕು ಮಾತ್ರ ಕೊಂಚ ಮೇಲೆದ್ದು, ಅಂಚಿನಲ್ಲಿ ನಡೆಯುವವರನ್ನು ತೋರಿಸುತ್ತದೆ. ಬಲ್ಬು ಸೊಟ್ಟಗೆ ಕುಳಿತರೆ ಈ ಏರ್ಪಾಡೆಲ್ಲ ತಲೆಕೆಳಗು. ಬಲವಂತದಿಂದ ಸೊಟ್ಟಗೆ ಕೂರಿಸಿ ಸ್ಪ್ರಿಂಗು ಬಿಗಿದ ಗಾಡಿಗಳು ರಸ್ತೆಯಲ್ಲಿ ಎಷ್ಟಿಲ್ಲ! ಅವುಗಳ ಒಡೆಯರು ಡಿಪ್ಪರ್ ಹಾಕಿದರೂ ಎದುರಿನವನು ಬಯ್ಯುತ್ತಲೇ ಹೋಗುತ್ತಾನೆ. ಇವರಿಗೆ ಕಾರಣ ತಿಳಿಯುವುದಿಲ್ಲ.

ಮಗಳು ಹೊಸ ಬಲ್ಬನ್ನು ಲೋಹದ ಕೊರಳಿನಲ್ಲಿಯೇ ಹಿಡಿದು, ಮೂರು ಹಲ್ಲುಗಳೂ ಕಚ್ಚಿನಲ್ಲಿ ಇಳಿದುವೆಂದು ಬೆರಳಿಗೆ ತಿಳಿದ ಮೇಲೆ ಸ್ಪ್ರಿಂಗು ಬಿಗಿದಳು. ರಬ್ಬರಿನ ಟೊಪ್ಪಿಗೆಯನ್ನು ಸುತ್ತಲೂ ಒತ್ತಿ ಕೂರಿಸುವುದಕ್ಕೆ ಹಿಡಿದ ಹೊತ್ತೇ ಹೆಚ್ಚು. ಇದನ್ನು ಅರೆಮನಸ್ಸಿನಿಂದ ಮಾಡಿದವರ ದೀಪದೊಳಗೆ ಧಾರವಾಡದ ಮೊದಲ ಮಳೆಗೇ ನೀರಾಡುತ್ತದೆ. ಕನ್ನಡಿ ತುಕ್ಕು ಹಿಡಿದ ಮೇಲೆ ಯಾವ ಬಲ್ಬು ಹಾಕಿಯೂ ಫಲವಿಲ್ಲ. ಎಡಗಡೆಯದಕ್ಕೂ ಅದೇ ಕ್ರಮ. ಅಲ್ಲಿಂದ ಹೊರಬಂದ, ಇನ್ನೂ ಉರಿಯುವ ಹಳೆಯ ಬಲ್ಬನ್ನು ಮಾಸ್ತರರು ಹೊಸದರ ಖಾಲಿ ಡಬ್ಬಿಯಲ್ಲಿಟ್ಟು, ಮೇಲೆ ತಾರೀಖು ಬರೆದು, ಗಾಡಿಯ ಖಾನೆಯಲ್ಲಿಟ್ಟರು. ಎಲ್ಲ ಸೇರಿ ಮುಕ್ಕಾಲು ಗಂಟೆ. ಅಭ್ಯಾಸವಾದವರಿಗೆ ಹತ್ತು ನಿಮಿಷದ ಕೆಲಸ.

ಕೆಲಸ ಮುಗಿಯಿತೆಂದು ಹೆಚ್ಚಿನವರು ಇಲ್ಲಿಗೇ ಕೈ ತೊಳೆಯುತ್ತಾರೆ. ಮಾಸ್ತರರು ಸಂಜೆಯವರೆಗೆ ಕಾದರು. ಹೋದ ದೀಪ ತೆಗೆಯುವುದಕ್ಕೆ ಮುಂಚಿನ ರಾತ್ರಿಯೇ ಅವರು ಗಾಡಿಯನ್ನು ಗೋಡೆಯಿಂದ 5 ಮೀಟರು ದೂರಕ್ಕೆ ನಿಲ್ಲಿಸಿ, ಉರಿಯುತ್ತಿದ್ದ ಎಡದೀಪದ ಬೆಳಕಿನ ಮೇಲಂಚನ್ನು ಸೀಮೆಸುಣ್ಣದಿಂದ ಗುರುತು ಮಾಡಿದ್ದರು. ತಗ್ಗಿಸಿದ ಬೆಳಕು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಇಳಿಯಬೇಕು. ಅಂದರೆ 10 ಮೀಟರಿಗೆ 10 ಸೆಂಟಿಮೀಟರು, 5 ಮೀಟರಿಗೆ 5. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಬರೆದು ಅದಕ್ಕಿಂತ ಐದು ಸೆಂಟಿಮೀಟರು ಕೆಳಗೆ ಗೆರೆ ಎಳೆದರೆ ಅಳತೆ ಸಿದ್ಧ. ಸಂಜೆ ಅದೇ ಜಾಗದಲ್ಲಿ ಗಾಡಿ ನಿಂತಿತು. ಎಡಗಡೆಯದು ಹಳೆಯ ಗುರುತಿಗೆ ಸರಿಯಾಗಿ ಬಂದಿತು. ಬಲಗಡೆಯದು ಮಾತ್ರ ಒಂದು ಗೇಣು ಮೇಲಕ್ಕೆ ಬಿದ್ದಿತ್ತು.

ಮಗಳ ಮುಖ ಸಪ್ಪಗಾಯಿತು. ಬೆಳಕು ಸರಿಮಾಡುವ ತಿರುಪು ಎಲ್ಲಿದೆಯೆಂದು ಮಾಸ್ತರರು ಪುಸ್ತಕದಲ್ಲಿ ಹುಡುಕತೊಡಗಿದರು. ಆದರೆ ಮಗಳು, “ತಡೀರಿ ಅಪ್ಪಾ, ಮೊದಲ ಒಳಗ ನೋಡೂಣು” ಎಂದು ದೀಪ ಆರಿಸಿ, ತಣಿಯುವವರೆಗೆ ಕಾದು, ಮತ್ತೆ ಟೊಪ್ಪಿಗೆ ಬಿಚ್ಚಿದಳು. ಮೂರು ಹಲ್ಲುಗಳಲ್ಲಿ ಒಂದು ಕಚ್ಚಿನ ಅಂಚಿನ ಮೇಲೆ ಏರಿ ಕುಳಿತಿತ್ತು. ಬೆಳಿಗ್ಗೆ ಬೆರಳಿಗೆ ಮೋಸವಾಗಿತ್ತು. ಸರಿಪಡಿಸಿದ ಮೇಲೆ ಎರಡೂ ಬೆಳಕು ಒಂದೇ ಗೆರೆಗೆ ನಿಂತವು. ತಿರುಪನ್ನು ತಿರುವಿ ತಪ್ಪನ್ನು ತಪ್ಪಿನಿಂದಲೇ ಮುಚ್ಚಿದ್ದರೆ ಅದು ಮುಂದೆಂದೂ ಗೊತ್ತಾಗುತ್ತಿರಲಿಲ್ಲ.

ಶನಿವಾರದ ಮದುವೆ ಚೆನ್ನಾಗಿ ನಡೆಯಿತು. ಮರಳುವಾಗ ಹಿಂದಿನ ಸೀಟಿನಲ್ಲಿ ಮೂವರು ಬಂಧುಗಳು, ಡಿಕ್ಕಿಯಲ್ಲಿ ಬುತ್ತಿಯ ಗಂಟು, ಎರಡು ತೆಂಗಿನ ಚೀಲ. ಹಿಂಭಾಗ ಇಳಿದರೆ ಮುಂಭಾಗದ ದೀಪ ಮೇಲಕ್ಕೆ ನೋಡುತ್ತದೆಯಾದ್ದರಿಂದ, ಅದನ್ನು ತಗ್ಗಿಸಲೆಂದೇ ಸ್ಟಿಯರಿಂಗಿನ ಪಕ್ಕದಲ್ಲಿ ಸೊನ್ನೆಯಿಂದ ಅಂಕಿ ಬರೆದ ಪುಟ್ಟ ಗಾಲಿಯೊಂದು ಅನೇಕ ಗಾಡಿಗಳಲ್ಲಿರುತ್ತದೆ. ಹತ್ತು ವರ್ಷ ಅದು ಏತಕ್ಕೆಂದು ತಿಳಿಯದಿದ್ದ ಮಾಸ್ತರರು ಆ ರಾತ್ರಿ ಅದನ್ನು ಎರಡಕ್ಕೆ ತಿರುಗಿಸಿದರು.

ಭಾರತ ಹುಣ್ಣಿಮೆ ಹತ್ತಿರ ಬಂದಿದ್ದ ದಿನಗಳು. ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ಹಳಿಯಾಳದ ಕಾರಖಾನೆಯತ್ತ ಸಾಗುವುದೂ ಇದೇ ದಾರಿಯಲ್ಲಿ. ತಿರುವೊಂದನ್ನು ದಾಟಿದೊಡನೆ ದೂರದ ಬೆಳಕಿನಲ್ಲಿ ಎರಡು ಜೊತೆ ಹಸಿರು ಕಣ್ಣುಗಳು ಮಿಂಚಿದವು. ಹಿಂದೆ ಇನ್ನೆರಡು ಜೊತೆ. ಹಿಂದಿನ ಕಾಲದಲ್ಲಿ ಚಕ್ಕಡಿಯ ಅಡಿಗೆ ಕಂದೀಲು ತೂಗುತ್ತಿತ್ತು. ಈಗ ಮೂಕಿಗೆ ಬ್ಯಾಟರಿಯ ಸಣ್ಣ ದೀಪ ಕಟ್ಟಿದ್ದರು. ಮಾಸ್ತರರು ಬೆಳಕು ತಗ್ಗಿಸಿ ಎಡಕ್ಕೆ ಸರಿದರು. ಎತ್ತುಗಳು ಬೆದರಲಿಲ್ಲ. ಗೆಜ್ಜೆಯ ಸಪ್ಪಳದೊಡನೆ ಒಂದರ ಹಿಂದೊಂದು ಎಂಟು ಚಕ್ಕಡಿಗಳು ದಾಟಿ ಹೋದವು. ಕಡೆಯದರ ಮೇಲೆ ಮಕ್ಕಳು ಕಂಬಳಿ ಹೊದ್ದು ಮಲಗಿದ್ದರು. ನಡೆಸುವವನು ಬಾರಕೋಲು ಹಿಡಿದ ಕೈಯನ್ನು ಒಂದಿಷ್ಟು ಮೇಲೆತ್ತಿದ.

ಸತ್ತೂರಿಗೆ ಬಂದಾಗ ಹನ್ನೊಂದು ದಾಟಿತ್ತು. ಮನೆಯವರು ಇಳಿದು ಗೇಟು ತೆಗೆದು, ಗಾಡಿ ಒಳಗೆ ಬರುವವರೆಗೂ ಗೋಡೆಯ ಕಡೆಗೇ ನೋಡುತ್ತ ನಿಂತಿದ್ದರು.

“ಎರಡೂ ಅದಾವ ನೋಡ್ರಿ” ಎಂದು ಹೇಳಿ ಗೇಟು ಹಾಕಿಕೊಂಡರು.